ಕಾಶ್ಯಪ ಗೋತ್ರ

ಬಾವುಟ ಇಟ್ಟವನು ತಾನೇ ಎಂದು ಹೇಳಿಬಿಡಲು ಇನ್ನೂ ಎರಡೂವರೆ ಗಂಟೆ ಇತ್ತು. ಅಷ್ಟು ಹೊತ್ತಿನಲ್ಲಿ ಒಬ್ಬ ಮನುಷ್ಯ ಗಡ್ಡ ಹೆರೆದುಕೊಂಡು, ಸ್ನಾನ ಮಾಡಿ, ಮೂರು ದೋಸೆ ತಿಂದು, ಬೇಕಾದರೆ ಮನಸ್ಸನ್ನೂ ಬದಲಾಯಿಸಬಹುದು. ಪ್ರಜ್ಞೇಶ್ ಮೊದಲು ಗಡ್ಡಕ್ಕೆ ಸೋಪು ಹಚ್ಚಿದ.

ದೇವರಾಜು ಆರು ಗಂಟೆಗೇ ಫೋನ್ ಮಾಡಿದ್ದ. ಅವನು ಕುಶಾಲನಗರದ ಕಂಟ್ರಾಕ್ಟರು, ಈ ಚೆಸ್ ಪಂದ್ಯಾವಳಿ ನಡೆಸುತ್ತಿರುವ ಬೆಟ್ಟಸೀಮೆ ಬಳಗದ ಅಧ್ಯಕ್ಷ.

"ಮೇಷ್ಟ್ರೇ, ಮೇಲಿನೋರಿಂದ ಕಾಗ್ದ ಬಂದದೆ. ನಿನ್ನೆ ಮೂರನೇ ಟೇಬಲ್ ಮೇಲೆ ಆ ರಷ್ಯಾದೋರ ಬಾವುಟ ಇತ್ತಂತೆ. ಯಾರೋ ಫೋಟೋ ಕಳಿಸವ್ರೆ. ಯಾರಿಟ್ಟಿದ್ದು ಅಂತ ಹತ್ತು ಗಂಟೆ ಒಳಗೆ ಬರ್ದು ಕಳುಸ್ಬೇಕಂತೆ."

"ಬಂದು ಹೇಳ್ತೇನೆ."

"ನಿಮಗ್ ಗೊತ್ತಾ?"

"ಬಂದು ಹೇಳ್ತೇನೆ."

ಐದು ದಿನ, ಒಂಬತ್ತು ಸುತ್ತು. ಇವತ್ತು ಭಾನುವಾರ, ಕೊನೆಯ ಸುತ್ತು. ವಾರದ ದಿನಗಳಲ್ಲಿ ಗೋಣಿಕೊಪ್ಪಲಿನ ಕಾಲೇಜಿನಲ್ಲಿ ಇತಿಹಾಸ ಹೇಳುವ ಪ್ರಜ್ಞೇಶ್ ಇಲ್ಲಿ ಮುಖ್ಯ ತೀರ್ಪುಗಾರ. ಮೊದಲ ಹತ್ತು ಮೇಜುಗಳ ಮೇಲೆ ಆಟಗಾರನ ಹೆಸರಿನ ಪಕ್ಕ ಪುಟ್ಟ ಕೋಲಿನಲ್ಲಿ ಅವನವನ ದೇಶದ ಬಾವುಟ. ಮೂರನೆಯ ಮೇಜಿನಲ್ಲಿ ಮಾತ್ರ ಒಂದು ಕೋಲು ಬೋಳು. ಅಲ್ಲಿ ಕೂರುವ ವಾದಿಮ್‌ನ ದೇಶ ಪಕ್ಕದ ದೇಶದ ಮೇಲೆ ಯುದ್ಧಕ್ಕೆ ಹೋದ ಮೇಲೆ ಅಂತರರಾಷ್ಟ್ರೀಯ ಚೆಸ್ ಸಂಸ್ಥೆಯವರು ಒಂದು ನಿಯಮ ಮಾಡಿದ್ದರು: ಆಟಗಾರ ಬರಬಹುದು, ದೇಶ ಬರಕೂಡದು. ಬಾವುಟದ ಜಾಗದಲ್ಲಿ ಸಂಸ್ಥೆಯದೇ ಒಂದು ಧ್ವಜ ಇಡಬಹುದು ಎಂದೂ ಇತ್ತು. ಅದು ದೇವರಾಜುವಿನ ಪೆಟ್ಟಿಗೆಯಲ್ಲಿ ಇರಲಿಲ್ಲ.

ಮೂರು ದಿನ ಆ ಬೋಳು ಕೋಲು ಪ್ರಜ್ಞೇಶನ ಕಣ್ಣಿಗೆ ಚುಚ್ಚಿತು. ನಾಲ್ಕನೆಯ ದಿನ, ಎಂಟನೆಯ ಸುತ್ತಿಗೆ ಮುಂಚೆ, ಪೆಟ್ಟಿಗೆಯ ತಳದಲ್ಲಿ ಯಾವುದೋ ಹಳೆಯ ಪಂದ್ಯಾವಳಿಯಿಂದ ಉಳಿದ ಬಿಳಿ, ನೀಲಿ, ಕೆಂಪಿನ ಪಟ್ಟಿಯ ಬಾವುಟ ಕೈಗೆ ಸಿಕ್ಕಿತು. ನಿಯಮ ಗೊತ್ತಿಲ್ಲದೆ ಅಲ್ಲ. ನಿಯಮವನ್ನು ಉಳಿದ ತೀರ್ಪುಗಾರರಿಗೆ ಓದಿ ಹೇಳಿದವನೇ ಅವನು. ಆದರೂ ಸಿಕ್ಕಿಸಿದ. ರಾಜಕೀಯ ಅವನಿಗೆ ಬೇಡವಾಗಿತ್ತು, ಯುದ್ಧವೂ ಬೇಡವಾಗಿತ್ತು. ಯಾರಿಗೂ ಕಾಣದಂತೆ ಒಂದು ಒಳ್ಳೆಯ ಕೆಲಸ ಮಾಡಿದ ಸುಖ ಬೇಕಾಗಿತ್ತು.

ವಾದಿಮ್ ಬಂದ, ನೋಡಿದ, ಕಿತ್ತು ಅಂಗಿಯ ಜೇಬಿನಲ್ಲಿ ಇಟ್ಟುಕೊಂಡ. ಎಲ್ಲ ಸೇರಿ ನಾಲ್ಕು ನಿಮಿಷ. ಫೋಟೋ ತೆಗೆಯಲು ಅಷ್ಟು ಹೊತ್ತು ಯಾತಕ್ಕೆ?

ಗಲ್ಲದ ಕೆಳಗೆ ಬ್ಲೇಡು ಕಚ್ಚಿತು. ಅವನು ಪಟಿಕ ಉಜ್ಜಿಕೊಂಡ.

ಹೊರಗೆ ಜಗಲಿಯಲ್ಲಿ ತಿಮ್ಮಪ್ಪಯ್ಯನವರು ಸೊಸೆಯನ್ನು ಕರೆಯುತ್ತಿದ್ದರು. "ಅನುಪಮಾ, ಕಾಪಿ ಆಗ್ಲಿಲ್ವಾ?"

"ಎರಡು ಸಲ ಕುಡಿದಿರಿ ಮಾವ."

"ಹೌದಾ? ಹಾಗಾದ್ರೆ ಬೇಡ."

ಐವತ್ತು ವರ್ಷ ಮಡಿಕೇರಿಯ ದೇವಸ್ಥಾನದಲ್ಲಿ ಅರ್ಚಕರಾಗಿದ್ದ ಅಪ್ಪ ಈಗ ಕಾಫಿ ಮರೆಯುತ್ತಾರೆ, ವಾರ ಮರೆಯುತ್ತಾರೆ, ಒಮ್ಮೊಮ್ಮೆ ಬೀದಿಯನ್ನೂ ಮರೆಯುತ್ತಾರೆ. ಮಂತ್ರ ಮಾತ್ರ ಮರೆತಿಲ್ಲ ಎಂದು ಎಲ್ಲರೂ ಹೇಳುತ್ತಾರೆ.

ವಾದಿಮ್ ಈ ಮನೆಗೆ ಬಂದದ್ದೂ ನಿಯಮದ ದೆಸೆಯಿಂದಲೇ. ಅವನ ದೇಶದ ಬ್ಯಾಂಕಿನ ಕಾರ್ಡು ಇಲ್ಲಿ ಯಾವ ಯಂತ್ರದಲ್ಲೂ ನಡೆಯದು. ಹೋಮ್‌ಸ್ಟೇ ಕಾದಿರಿಸಲು ಹೋದರೆ ಮೊಬೈಲು ಅವನನ್ನು ಗುರುತಿಸಲೇ ಇಲ್ಲ. ಐವತ್ತನಾಲ್ಕರ ಮನುಷ್ಯ ಸೊಂಟಕ್ಕೆ ನೋಟಿನ ಚೀಲ ಕಟ್ಟಿಕೊಂಡು, ಬಸ್ ನಿಲ್ದಾಣದ ಬೆಂಚಿನ ಮೇಲೆ ಜೇಬಿನ ಚೆಸ್ ಹಲಗೆ ಹರಡಿಕೊಂಡು ಕೂತಿದ್ದ. ಪ್ರಜ್ಞೇಶ್ ಕರೆತಂದ. ಹೊರಕೋಣೆ ಖಾಲಿಯಿತ್ತು.

ಎರಡನೆಯ ದಿನ ಅಪ್ಪ ಅವನನ್ನು ದೇವಸ್ಥಾನಕ್ಕೆ ಕರೆದುಕೊಂಡು ಹೋಗಿ ಅರ್ಚನೆ ಮಾಡಿಸಿದರು. ಸಂಕಲ್ಪದಲ್ಲಿ ಗೋತ್ರ ಹೇಳಬೇಕು. "ಇವರ ಗೋತ್ರ ಯಾವುದು ಕೇಳು," ಎಂದರು ಮಗನಿಗೆ. ಪ್ರಜ್ಞೇಶ್ ನಕ್ಕ. ಅಪ್ಪ ನಗಲಿಲ್ಲ. "ಗೊತ್ತಿಲ್ಲದವರದ್ದೆಲ್ಲ ಕಾಶ್ಯಪ ಗೋತ್ರ. ಅದಕ್ಕೆಂತ ಯೋಚನೆ?" ಎಂದು ಮಂತ್ರ ಮುಂದುವರಿಸಿದರು.

"ಕಾಶ್ಯಪ ಎಂದರೆ ಯಾರು?" ಎಂದು ವಾದಿಮ್ ಆಮೇಲೆ ಕೇಳಿದ.

"ಎಲ್ಲರ ಅಜ್ಜ. ಮನೆಯ ಮೂಲ ತಿಳಿಯದವರಿಗೆ ಅವನ ಹೆಸರು ಕೊಡುತ್ತಾರೆ."

ವಾದಿಮ್ ಆಟ ಬರೆದುಕೊಳ್ಳುವ ಪುಸ್ತಕ ತೆಗೆದು ತನ್ನ ಲಿಪಿಯಲ್ಲಿ ಅದನ್ನು ಬರೆದುಕೊಂಡ. "ನಿಮ್ಮದೂ ಅದೇನಾ?"

"ಅಲ್ಲ. ನಮ್ಮದು ಭಾರದ್ವಾಜ," ಎಂದ ಪ್ರಜ್ಞೇಶ್. ಹೇಳುವಾಗ ಸ್ವರದಲ್ಲಿ ಬಂದ ಸಣ್ಣ ಗತ್ತು ಅವನಿಗೇ ಕೇಳಿಸಿ ನಾಚಿಕೆಯಾಯಿತು. ಗೋತ್ರದ ಗತ್ತು ಬಿಟ್ಟರೆ ಈ ಊರಿನಲ್ಲಿ ಹೇಳಿಕೊಳ್ಳಲು ಅವನಿಗೆ ಬೇರೇನೂ ಇರಲಿಲ್ಲ.

ಕೊಡಗಿನಲ್ಲಿ ಯಾರನ್ನಾದರೂ ಪರಿಚಯ ಮಾಡಿಕೊಟ್ಟರೆ ಮೊದಲು ಕೇಳುವುದು ಮನೆಹೆಸರು. ಮುತ್ತಜ್ಜನ ಕಾಲದಿಂದ ಮಡಿಕೇರಿಯಲ್ಲೇ ಇದ್ದರೂ ಅರ್ಚಕರ ಮನೆಗೆ ಅಂಥ ಹೆಸರಿಲ್ಲ. ಕಾಲೇಜಿನಲ್ಲಿ ಓದುವಾಗ ಪ್ರಜ್ಞೇಶ್ ಒಳ್ಳೆಯ ಹಾಕಿ ಆಟಗಾರ. ಎಡಗಡೆಯಿಂದ ಚೆಂಡು ತಂದನೆಂದರೆ ತಡೆಯುವುದು ಕಷ್ಟ ಎನ್ನುತ್ತಿದ್ದರು. ಬೇಸಿಗೆಯಲ್ಲಿ ಮನೆತನಗಳ ಹಾಕಿ ಪಂದ್ಯಾವಳಿ ಬಂತು. ಜೊತೆಗೆ ಆಡಿದ ಗೆಳೆಯರೆಲ್ಲ ಅವರವರ ಮನೆಯ ಅಂಗಿ ತೊಟ್ಟು ಇಳಿದರು. ಪ್ರಜ್ಞೇಶನಿಗೆ ಗೋಲಿನ ಹಲಗೆ ಬರೆಯುವ ಕೆಲಸ ಕೊಟ್ಟರು. ಅವನ ಅಕ್ಷರ ಚೆನ್ನಾಗಿತ್ತು. ಮಧ್ಯಾಹ್ನ ಊಟಕ್ಕೆ ಕೈಹಿಡಿದು ಎಳೆದುಕೊಂಡು ಹೋದರು. ಯಾರೂ ಅವನಿಗೆ ಅನ್ಯಾಯ ಮಾಡಲಿಲ್ಲ. ಮನೆಯವರ ಆಟಕ್ಕೆ ಮನೆಯವರು ಆಡುತ್ತಾರೆ. ಆದರೆ ಅಂದು ಸಂಜೆ ಸೀಮೆಸುಣ್ಣದ ಕೈ ತೊಳೆದುಕೊಂಡವನು ಮತ್ತೆ ಹಾಕಿ ಕೋಲು ಮುಟ್ಟಲಿಲ್ಲ. ಚೆಸ್ ಹಿಡಿದ. ಅಲ್ಲಿ ಮನೆಹೆಸರು ಕೇಳುವುದಿಲ್ಲ ಎಂದುಕೊಂಡಿದ್ದ.

ಪ್ರಜ್ಞೇಶ್ ದೋಸೆ ತಿನ್ನುವಾಗ ವಾದಿಮ್ ತಾನೇ ಒಗೆದ ಬಿಳಿ ಅಂಗಿಯನ್ನು ಹಿತ್ತಲ ಹಗ್ಗದ ಮೇಲೆ ಹರಡುತ್ತಿದ್ದ. ಮಂಜು ಇನ್ನೂ ಬಿಟ್ಟಿರಲಿಲ್ಲ.

"ಈ ಚಳಿಗೆ ಅದು ಒಣಗಿದ ಹಾಗೇ," ಎಂದಳು ಅನುಪಮಾ. "ಇವತ್ತು ಅವರು ಗೆದ್ದರೆ ಎಂತ ಆಗ್ತದೆ?"

"ಗೆಲ್ಲಬೇಕಾಗಿಲ್ಲ. ಡ್ರಾ ಆದರೆ ಸಾಕು. ಬಿರುದು ಸಿಗ್ತದೆ."

"ಹಾಗಾದ್ರೆ ಮಗಳು ಬರ್ತಾಳಾ?"

ಅದನ್ನು ವಾದಿಮ್ ಮೂರನೆಯ ದಿನ ಹೇಳಿದ್ದ. ಮಗಳು ಪ್ರಾಗ್ ನಗರದಲ್ಲಿ ಇದ್ದಾಳೆ. ಮೊದಲು ವಿಮಾನದಲ್ಲಿ ಎರಡೂವರೆ ಗಂಟೆ. ಶುಕ್ರವಾರ ಹೋಗಿ ಅಲ್ಲಿಯ ಕ್ಲಬ್ಬಿಗೆ ಆಡಿ ಭಾನುವಾರ ಮರಳುತ್ತಿದ್ದ. ಈಗ ವಿಮಾನವಿಲ್ಲ, ವೀಸಾ ಇಲ್ಲ. ಅವಳು ಬರಬಹುದಲ್ಲ ಎಂದು ಪ್ರಜ್ಞೇಶ್ ಕೇಳಿದಾಗ, "ಬರಬಹುದು. ಬರುವುದಿಲ್ಲ," ಎಂದಿದ್ದ. ಬಿರುದು ಬಂದರೆ ಬೆಲ್‌ಗ್ರೇಡಿನ ಒಂದು ಕ್ಲಬ್ಬು ವಸಂತದಲ್ಲಿ ಆಡಲು ಕರೆಯುತ್ತದೆ. ಆ ಊರಿಗೆ ಅವನಿಗೂ ದಾರಿಯುಂಟು, ಅವಳಿಗೂ ಉಂಟು. "ಅಪ್ಪನನ್ನು ನೋಡಲು ಬಾ ಎಂದರೆ ಬರುವುದಿಲ್ಲ. ಆಟ ನೋಡಲು ಬರುತ್ತೇನೆ ಎಂದಿದ್ದಾಳೆ. ಚಿಕ್ಕವಳಿದ್ದಾಗ ನನ್ನ ಕುರ್ಚಿಯ ಹಿಂದೆ ನಿಂತೇ ಇರುತ್ತಿದ್ದಳು." ಹನ್ನೊಂದು ವರ್ಷದಿಂದ ಆ ಬಿರುದಿನ ಹಿಂದೆ ಇದ್ದ. ಇನ್ನು ಬೇಕಾದದ್ದು ಅರ್ಧ ಅಂಕ.

ವಿಚಿತ್ರವೆಂದರೆ ಪ್ರಾಗ್‌ಗೆ ಹೊರಟಿದ್ದವನು ಪ್ರಜ್ಞೇಶ್. ಮುಂದಿನ ಗುರುವಾರ. ಮಕ್ಕಳ ಪಂದ್ಯಾವಳಿಗೆ ತೀರ್ಪುಗಾರರ ಪಟ್ಟಿಯಲ್ಲಿ ಅವನ ಹೆಸರು ಬಂದಿತ್ತು. ನಲವತ್ತೇಳು ವರ್ಷಕ್ಕೆ ಮೊದಲ ಪಾಸ್‌ಪೋರ್ಟು, ಮೊದಲ ವಿಮಾನ. ಬೀದಿಯವರಿಗೆಲ್ಲ ಗೊತ್ತಾಗಿತ್ತು, ತರಕಾರಿಯವನೂ ಹೊರಡುವುದು ಯಾವತ್ತು ಎಂದು ಕೇಳುತ್ತಿದ್ದ. ವಾದಿಮ್ ಮಾರ್ಕೆಟ್ಟಿನಿಂದ ಒಂದು ಬಾಟಲಿ ಜೇನು ತಂದು, ಕಾಗದ ಸುತ್ತಿ, ಮಗಳ ವಿಳಾಸ ಬರೆದು ಕೊಟ್ಟಿದ್ದ. "ನಿಮಗೆ ತೊಂದರೆಯಾಗದಿದ್ದರೆ." ಅದು ಬೀರುವಿನಲ್ಲಿ ಹೊಸ ಸೂಟ್‌ಕೇಸಿನ ಪಕ್ಕ ಇತ್ತು.

"ಬರ್ತಾಳೋ ಏನೋ," ಎಂದ ಪ್ರಜ್ಞೇಶ್, ಹೆಂಡತಿಗೆ.

*

ಕಾರಿನಲ್ಲಿ ಇಬ್ಬರೇ. ಇಂಗ್ಲಿಷ್ ಇಬ್ಬರಿಗೂ ಎರವಲು. ಎರವಲು ಭಾಷೆಯ ಒಂದು ಅನುಕೂಲವೆಂದರೆ ಸುಮ್ಮನಿರಲು ಕಾರಣ ಹುಡುಕಬೇಕಾಗಿಲ್ಲ.

"ನಿದ್ದೆ ಬಂತೇ?"

"ಬಂತು. ನಿಮಗೆ?"

"ಬಂತು."

ಈ ತಿರುವು ದಾಟಿದ ಮೇಲೆ ಹೇಳುತ್ತೇನೆ ಎಂದುಕೊಂಡ. ಮಡಿಕೇರಿಯಲ್ಲಿ ತಿರುವುಗಳಿಗೆ ಬರವಿಲ್ಲ. ಒಂದು ದಾಟಿತು, ಇನ್ನೊಂದು ಬಂತು. ಎದುರಿನಿಂದ ಪ್ರವಾಸಿಗರ ಜೀಪೊಂದು ಹಾರ್ನ್ ಹೊಡೆಯುತ್ತ ನುಗ್ಗಿತು. ಅದನ್ನು ಬೈಯುವುದರಲ್ಲಿ ಮೂರನೆಯದೂ ಕಳೆಯಿತು.

"ನಿನ್ನೆ ನನ್ನ ಮೇಜಿನ ಮೇಲೆ ಯಾರೋ ಬಾವುಟ ಇಟ್ಟಿದ್ದರು," ಎಂದ ವಾದಿಮ್.

"ಹೌದೇ?"

"ತೆಗೆದುಬಿಟ್ಟೆ."

"ಯಾರಿರಬಹುದು?"

"ಒಳ್ಳೆಯವರು." ವಾದಿಮ್ ಕಿಟಕಿಯ ಗಾಜಿನ ಮಂಜನ್ನು ಕೈಯಿಂದ ಒರೆಸಿದ. "ನನ್ನಂಥವನಿಗೆ ಒಳ್ಳೆಯವರಿಂದಲೇ ಹೆದರಿಕೆ. ಕೆಟ್ಟವರು ಬರುವುದು ದೂರದಿಂದಲೇ ಕಾಣುತ್ತದೆ."

ಪ್ರಜ್ಞೇಶ್ ಗೇರ್ ಬದಲಿಸಿದ. ಬದಲಿಸುವ ಅಗತ್ಯವಿರಲಿಲ್ಲ. ನಾನೇ ಇಟ್ಟದ್ದು ಎಂದರೆ ಮುಗಿಯಿತು. ಈಗ ಹೇಳಿದರೆ ಈತ ನಗಬಹುದು, ಕ್ಷಮಿಸಬಹುದು. ಹತ್ತು ಗಂಟೆಗೆ ಕಾಗದದಲ್ಲೂ ಅದನ್ನೇ ಬರೆಯಬಹುದು. ಪ್ರಾಗ್ ಹೋಗುತ್ತದೆ, ಹೋಗಲಿ. ಹಾಗೆಂದುಕೊಂಡಾಗ ಒಂದು ಕ್ಷಣ ಅವನಿಗೆ ತನ್ನ ಮೇಲೆ ತುಂಬ ಪ್ರೀತಿ ಬಂತು.

"ಇವತ್ತು ಕಪ್ಪು ಕಾಯಿ," ಎಂದ ವಾದಿಮ್.

"ಡ್ರಾ ಸಾಕಲ್ಲ."

"ಸಾಕು. ಸಾಕು ಅನ್ನುವ ದಿನವೇ ಕಷ್ಟ."

ಸಭಾಭವನ ಬಂದಿತ್ತು.

*

ಅದು ಮದುವೆಗೆ ಬಾಡಿಗೆ ಕೊಡುವ ಭವನ. ಕೆಂಚ ಎಂಬ ಮುದುಕ ಅದರ ಮೇಲ್ವಿಚಾರಕ. ಮದುವೆಯಾದರೆ ಎಲೆ ಹಾಸುವ ಜಾಗದಲ್ಲಿ ಈ ಐದು ದಿನ ಚೆಸ್ ಹಲಗೆ ಹಾಸುತ್ತಿದ್ದ. ಪ್ರಜ್ಞೇಶನನ್ನು ಕಂಡವನು ಮೂರನೆಯ ಮೇಜಿನ ಬೋಳು ಕೋಲು ಹಿಡಿದುಕೊಂಡೇ ಬಂದ.

"ಸಾರ್, ನಿನ್ನೆ ನೀವ್ ಸಿಗ್ಸಿದ್ರಲ್ಲ ಬಾವುಟ, ಅದು ಕಾಣ್ತಿಲ್ಲ. ಬೇರೆ ಇಡಾದಾ?"

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ಪ್ರಜ್ಞೇಶ್ ಸುತ್ತ ನೋಡಿದ. ವಾದಿಮ್ ದೂರದಲ್ಲಿ ಕೈ ತೊಳೆಯುತ್ತಿದ್ದ.

"ಬೇಡ ಕೆಂಚ. ಹಾಗೇ ಇರ್ಲಿ."

"ಬರೀ ಕೋಲು ಇಟ್ರೆ ಚೆಂದ ಕಾಣಲ್ಲ ಸಾರ್."

"ಇರ್ಲಿ ಅಂದೆನಲ್ಲ."

ಕೆಂಚ ಅವನ ಮುಖವನ್ನು ಒಂದು ಗಳಿಗೆ ನೋಡಿ, ಕೋಲನ್ನು ಹೆಗಲ ಟವೆಲಿನಲ್ಲಿ ಒರೆಸಿ, ಮೊದಲಿದ್ದಲ್ಲೇ ಇಟ್ಟ.

ದೇವರಾಜು ಕಚೇರಿ ಮಾಡಿಕೊಂಡಿದ್ದದ್ದು ವಧುವಿನ ಕೋಣೆಯಲ್ಲಿ. ಗೋಡೆಯುದ್ದದ ಕನ್ನಡಿ, ಅದರ ಅಂಚಿನಲ್ಲಿ ಯಾವ ಯಾವುದೋ ಮದುಮಕ್ಕಳು ಅಂಟಿಸಿಹೋದ ಬಿಂದಿಗಳು.

"ಕೂತ್ಕಳಿ ಮೇಷ್ಟ್ರೇ. ಕಾಫಿ ತರುಸ್ಲಾ?"

"ಬೇಡ."

ದೇವರಾಜು ಕಾಗದ ತಿರುಗಿಸಿಟ್ಟ. ಎರಡೇ ವಾಕ್ಯ. ಬಾವುಟವನ್ನು ಆಟಗಾರ ಇಟ್ಟಿದ್ದರೆ ಅವನನ್ನು ಕೊನೆಯ ಸುತ್ತಿನಿಂದ ಕೈಬಿಡುವುದು, ಅವನ ಫಲಿತಾಂಶ ಬಿರುದಿಗೆ ಪರಿಗಣಿಸದಿರುವುದು. ತೀರ್ಪುಗಾರರು ಇಟ್ಟಿದ್ದರೆ ಅವರ ಮುಂದಿನ ಎಲ್ಲ ನೇಮಕಗಳನ್ನು ತಡೆಹಿಡಿಯುವುದು.

"ಯಾರು ಅಂತ ಗೊತ್ತಿಲ್ಲ ಎಂದು ಬರೆದರೆ?"

"ನಾನೂ ಫೋನ್ ಮಾಡಿ ಅದನ್ನೇ ಕೇಳ್ದೆ. ಹಾವೂ ಸಾಯ್ಬಾರ್ದು, ಕೋಲೂ ಮುರೀಬಾರ್ದು ಅಂತ. ಗೊತ್ತಿಲ್ಲ ಅಂದ್ರೆ ಇಡೀ ಪಂದ್ಯಾವಳಿನೇ ವಜಾ ಅಂತಾರೆ. ನೂರಾ ನಲ್ವತ್ತು ಜನ ಆಡವ್ರೆ ಮೇಷ್ಟ್ರೇ. ಸುಮ್ನೆ ಬುಡ್ತಾರಾ ನಮ್ಮನ್ನ?"

ನೀವಾ ಇಟ್ಟದ್ದು ಎಂದು ದೇವರಾಜು ಕೇಳಲಿಲ್ಲ. ಪೆಟ್ಟಿಗೆಯ ಬೀಗದ ಕೈ ಇದ್ದದ್ದು ಇವರಿಬ್ಬರಲ್ಲೇ. ಕೇಳದೆ ಇರುವುದರಲ್ಲಿ ಅವನು ದೊಡ್ಡ ಮನುಷ್ಯನಾಗಿದ್ದ.

"ಅವನು ತೆಗೆದವನು," ಎಂದ ಪ್ರಜ್ಞೇಶ್. ದನಿ ತನ್ನದಲ್ಲವೆನಿಸಿತು. "ಇಟ್ಟವನಲ್ಲ."

"ಫೋಟೋದಲ್ಲಿ ಬಾವುಟ ಅದೆ. ಅವ್ರ ಕೈನೂ ಅದರ ಮೇಲದೆ. ಇಡೋ ಕೈಯೋ ತೆಗ್ಯೋ ಕೈಯೋ ಫೋಟೋದಾಗೆ ಹೆಂಗ್ ಗೊತ್ತಾಯ್ತದೆ?" ದೇವರಾಜು ಕುರ್ಚಿ ಹತ್ತಿರ ಎಳೆದುಕೊಂಡ. ಅವನ ಸ್ವರದಲ್ಲಿ ಕಪಟವಿರಲಿಲ್ಲ, ನಿಜವಾದ ಅಕ್ಕರೆಯಿತ್ತು. "ನೋಡಿ, ಆ ಯಪ್ಪ ನಾಳೆ ಹೊಂಟೋಗ್ತಾನೆ. ಇನ್ನೆಲ್ಲೋ ಆಡ್ತಾನೆ. ನಾವು ಇಲ್ಲೇ ಇರೋರು. ಈ ಊರಿಂದ ಮೊದಲ್ನೇ ಸಲ ಒಬ್ರು ಫಾರಿನ್‌ಗೆ ತೀರ್ಪು ಕೊಡಾಕ್ ಹೋಯ್ತಾ ಅವ್ರೆ ಅಂತ ನಾನು ಪೇಪರ್‌ನೋರಿಗೂ ಹೇಳಿವ್ನಿ. ನಮ್ಮೋರ್ನ ನಾವೇ ನೋಡ್ಕಳ್ದಿದ್ರೆ ಯಾರ್ ನೋಡ್ಕತಾರೆ?"

ನಾವು. ನಮ್ಮೋರು.

ತನ್ನ ಅಪ್ಪನ ಕಾಲದಲ್ಲಿ ಹಾಸನದ ಕಡೆಯಿಂದ ಬಂದು ನೆಲೆಸಿದ ಮನುಷ್ಯ, ನಾಲ್ಕು ತಲೆಯಿಂದ ಇಲ್ಲೇ ಇದ್ದವನಿಗೆ ನೀನು ಇಲ್ಲಿಯವನು ಎಂದು ಹೇಳುತ್ತಿದ್ದ. ನಗಬೇಕಾದ ಮಾತು. ಪ್ರಜ್ಞೇಶನಿಗೆ ನಗು ಬರಲಿಲ್ಲ. ಎದೆಯಲ್ಲಿ ಬೆಚ್ಚಗಾಯಿತು. ಚಳಿಯಿಂದ ಬಂದವನಿಗೆ ಒಲೆಯ ಪಕ್ಕ ಜಾಗ ಬಿಟ್ಟುಕೊಟ್ಟ ಹಾಗೆ. ಪ್ರಾಗ್ ಬೇಡವೆಂದು ಅವನು ಬಿಡಬಹುದಾಗಿತ್ತು. ಈ ಜಾಗ ಬಿಟ್ಟು ಏಳುವುದು ಆಗಲಿಲ್ಲ.

ದೇವರಾಜು ಮೊದಲೇ ಇಂಗ್ಲಿಷಿನಲ್ಲಿ ಟೈಪು ಮಾಡಿಸಿಟ್ಟ ಹಾಳೆಯಲ್ಲಿ ಮೂರು ಸಾಲಿತ್ತು. ಆಟಗಾರನೇ ಬಾವುಟ ಇಟ್ಟದ್ದು ತೀರ್ಪುಗಾರರ ಗಮನಕ್ಕೆ ಬಂದಿದೆ. ಪ್ರಜ್ಞೇಶ್ ಓದಿದ. ಆ ಸಾಲಿನ ಕೊನೆಯಲ್ಲಿ ಬಿಟ್ಟುಹೋಗಿದ್ದ ಪೂರ್ಣವಿರಾಮವನ್ನು ಪೆನ್ನಿನಿಂದ ಹಾಕಿದ. ಆಮೇಲೆ ಸಹಿ ಮಾಡಿದ. ಕನ್ನಡಿಯಲ್ಲಿ ಬಿಂದಿಗಳ ನಡುವೆ ಒಬ್ಬ ಮಧ್ಯವಯಸ್ಕ ತಲೆ ಬಗ್ಗಿಸಿ ಸಹಿ ಮಾಡುತ್ತಿದ್ದ. ಗಲ್ಲದ ಕೆಳಗೆ ಬ್ಲೇಡಿನ ಗಾಯ ಕೆಂಪಗಿತ್ತು.

"ಅವ್ರಿಗೆ ನೀವೇ ಹೇಳ್ಬುಡಿ," ಎಂದ ದೇವರಾಜು. "ನಿಮ್ ಮನೇಲಿ ಇರೋರು."

*

ಭವನದ ಜಗಲಿಯ ಕಂಬದ ಪಕ್ಕ ವಾದಿಮ್ ಫ್ಲಾಸ್ಕಿನಿಂದ ಚಹಾ ಬಗ್ಗಿಸಿಕೊಳ್ಳುತ್ತಿದ್ದ. ಕೆಳಗೆ ಕಣಿವೆ ಪೂರ್ತಿ ಮಂಜು. ಪ್ರಜ್ಞೇಶ್ ಹಾಳೆ ಕೊಟ್ಟ. ಹಾಳೆಯೇ ಹೇಳಲಿ ಎಂದುಕೊಂಡ.

ವಾದಿಮ್ ಓದಿದ. ಚೆಸ್ ಹಲಗೆ ಓದುವ ಹಾಗೆ, ಎರಡು ಸಲ.

"ಇದರಲ್ಲಿ ನಾನು ಇಟ್ಟೆ ಎಂದಿದೆ."

"ಹೌದು."

"ಸಹಿ ನಿಮ್ಮದು."

"ಹೌದು."

"ಬದಲಿಸಲು ಬರುವುದಿಲ್ಲ?"

"ಕಳಿಸಿಯಾಗಿದೆ."

ಅದು ಸುಳ್ಳು. ದೇವರಾಜು ಒಳಗೆ ಇನ್ನೂ ಅದರ ಫೋಟೋ ತೆಗೆಯಲು ಬೆಳಕು ಹುಡುಕುತ್ತಿದ್ದ. ಪ್ರಜ್ಞೇಶ್ ಕೊಟ್ಟದ್ದು ಎರಡನೆಯ ಪ್ರತಿ. ಹತ್ತಾಗಲು ಇನ್ನೂ ಹದಿನಾಲ್ಕು ನಿಮಿಷವಿತ್ತು.

ವಾದಿಮ್ ಚಹಾ ಕುಡಿದು ಮುಗಿಸಿದ. ಲೋಟ ಝಾಡಿಸಿ ಫ್ಲಾಸ್ಕಿಗೆ ಮುಚ್ಚಿದ. ಕೂಗಿದರೆ, ಬೈದರೆ ಪ್ರಜ್ಞೇಶನಿಗೆ ಒಳಗೆ ಓಡಿ ಕಾಗದ ತಡೆಯಲು ಒಂದು ನೆಪ ಸಿಗುತ್ತಿತ್ತು. ಬೈಯಲಿ ಎಂದು ಅವನು ಕಾದ.

ವಾದಿಮ್ ಅಂಗಿಯ ಜೇಬಿಗೆ ಕೈಹಾಕಿ ನಾಲ್ಕಾಗಿ ಮಡಿಸಿದ ಬಾವುಟ ತೆಗೆದು ಅವನ ಅಂಗೈಯಲ್ಲಿಟ್ಟ.

"ಇದು ನಿಮ್ಮದು," ಎಂದ.

ಆಮೇಲೆ ಮೆಟ್ಟಿಲಿಳಿದು, ಆಟೋ ಒಂದಕ್ಕೆ ಕೈ ಅಡ್ಡ ಹಾಕಿ, ಹತ್ತಿ ಕೂತ. ಮನೆಯ ದಾರಿ ಐದು ದಿನದಲ್ಲಿ ಅವನಿಗೆ ಅಭ್ಯಾಸವಾಗಿತ್ತು.

ಹತ್ತಕ್ಕೆ ಕೊನೆಯ ಸುತ್ತು ಶುರುವಾಯಿತು. ಮೂರನೆಯ ಮೇಜಿನಲ್ಲಿ ಮೈಸೂರಿನ ಹಂಸಿನಿ ಎಂಬ ಹುಡುಗಿ ಬಿಳಿ ಕಾಯಿ ನೇರ ಮಾಡಿಕೊಂಡು ಕೂತಿದ್ದಳು. ಎದುರು ಖಾಲಿ ಕುರ್ಚಿ, ಬೋಳು ಕೋಲು.

"ಸರ್, ಅವರು ಬರ್ತಾರಾ?"

"ಇಲ್ಲಮ್ಮ. ನೀನು ಗೆದ್ದೆ."

"ಆಡದೇನೇ?" ಅವಳ ಮುಖ ಸಪ್ಪಗಾಯಿತು. "ನಾನು ರಾತ್ರಿಯೆಲ್ಲ ತಯಾರಿ ಮಾಡಿದ್ದೆ ಸರ್."

ಪ್ರಜ್ಞೇಶ್ ಫಲಿತಾಂಶದ ಹಾಳೆಯಲ್ಲಿ ಅವಳ ಹೆಸರಿನ ಮುಂದೆ ಒಂದು ಬರೆದ, ವಾದಿಮ್‌ನ ಹೆಸರಿನ ಮುಂದೆ ಸೊನ್ನೆ. ಅಕ್ಷರ ಎಂದಿನಂತೆ ಚೆನ್ನಾಗಿತ್ತು.

ಬಹುಮಾನ ವಿತರಣೆ ಮುಗಿದಾಗ ನಾಲ್ಕು ಗಂಟೆ. ದೇವರಾಜು ಮೈಕಿನಲ್ಲಿ, "ನಮ್ಮ ಊರಿನ ಹೆಮ್ಮೆ, ನಮ್ಮ ಮೇಷ್ಟ್ರು," ಎಂದು ಕರೆದು ಶಾಲು ಹೊದಿಸಿದ. ನೂರಾರು ಜನ ಚಪ್ಪಾಳೆ ತಟ್ಟಿದರು. ಬೆಳಿಗ್ಗೆ ವಧುವಿನ ಕೋಣೆಯಲ್ಲಿ ಬಂದ ಬೆಚ್ಚಗಿನ ಭಾವಕ್ಕಾಗಿ ಪ್ರಜ್ಞೇಶ್ ಒಳಗೆ ಹುಡುಕಿದ. ಶಾಲಿನ ಸೆಕೆ ಮಾತ್ರ ಸಿಕ್ಕಿತು. ಸಭೆಯ ಹಿಂದೆ ಕೆಂಚ ಕುರ್ಚಿಗಳನ್ನು ಒಂದರ ಮೇಲೊಂದು ಏರಿಸುತ್ತಿದ್ದ; ಅವನು ಚಪ್ಪಾಳೆ ತಟ್ಟಿರಲಿಲ್ಲ. ಎರಡೂ ಕೈಯಲ್ಲಿ ಕುರ್ಚಿ ಇತ್ತಲ್ಲ ಎಂದು ಪ್ರಜ್ಞೇಶ್ ಸಮಾಧಾನ ಮಾಡಿಕೊಂಡ.

*

ಹಿತ್ತಲ ಹಗ್ಗ ಖಾಲಿಯಿತ್ತು.

"ಹತ್ತೂವರೆಗೇ ಬಂದು ಬ್ಯಾಗು ಕಟ್ಟಿದ್ರು," ಎಂದಳು ಅನುಪಮಾ. "ಊಟ ಮಾಡಿ ಅಂದೆ, ಬಸ್ಸಿಗೆ ಹೊತ್ತಾಗ್ತದೆ ಅಂತ ಕೈ ತೋರಿಸಿದ್ರು. ಮಾವನಿಗೆ ನಮಸ್ಕಾರ ಮಾಡಿದ್ರು. ಅಂಗಿ ಹಸಿಯೇ ಇತ್ತು, ಹಾಗೇ ಮಡಿಸಿಕೊಂಡ್ರು. ಸೋತ್ರಾ?"

"ಆಡ್ಲಿಲ್ಲ."

"ಯಾಕೆ?"

"ನಿಯಮ."

ಅವಳು ಹಗ್ಗದ ಕ್ಲಿಪ್ಪುಗಳನ್ನು ತೆಗೆಯತೊಡಗಿದಳು.

"ಏನಾದ್ರೂ ಹೇಳಿದ್ರಾ ಹೋಗುವಾಗ?" ಎಂದ ಪ್ರಜ್ಞೇಶ್.

"ಇಲ್ಲ. ಆ ಜೇನಿನ ಬಾಟಲಿ ಒಮ್ಮೆ ಕೊಡಿ ಅಂತ ಸನ್ನೆ ಮಾಡಿದ್ರು. ವಾಪಸ್ ತಗೊಂಡು ಹೋಗ್ತಾರೇನೋ ಅಂದ್ಕೊಂಡೆ. ದಾರಿಯಲ್ಲಿ ಸೋರಬಾರದು ಅಂತ ಮುಚ್ಚಳಕ್ಕೆ ಇನ್ನೆರಡು ಸುತ್ತು ಟೇಪ್ ಹಾಕಿ ಕೊಟ್ರು. ಬೀರುವಿನಲ್ಲೇ ಇಟ್ಟಿದ್ದೇನೆ."

ಪ್ರಜ್ಞೇಶ್ ಹೋಗಿ ಬೀರು ತೆರೆದ. ಹೊಸ ಟೇಪು ಸಾಲಾಗಿ, ಗಾಳಿ ನಿಲ್ಲದಂತೆ ಒತ್ತಿ ಅಂಟಿಸಿತ್ತು. ವಿಳಾಸದ ಕೆಳಗೆ ಮಗಳ ಫೋನ್ ನಂಬರನ್ನು ಹೊಸದಾಗಿ ಬರೆದಿದ್ದ. ಈ ಮನುಷ್ಯನಿಗೆ ತನ್ನ ಮೇಲೆ ಇನ್ನೂ ನಂಬಿಕೆಯಿದೆಯೋ, ಅಥವಾ ನಂಬಲು ಬೇರೆ ಯಾರೂ ಉಳಿದಿಲ್ಲವೋ. ಎರಡರಲ್ಲಿ ಯಾವುದೇ ಆಗಿರಲಿ, ತನಗೆ ಆ ಬಾಟಲಿ ಮುಟ್ಟಲು ಆಗಲಿಲ್ಲ ಎಂಬುದಷ್ಟೇ ಅವನಿಗೆ ಸ್ಪಷ್ಟವಾಯಿತು. ಪ್ರಾಗ್‌ನಲ್ಲಿ ಅವನ ಮಗಳು ಬಾಗಿಲು ತೆರೆದು, ಅಪ್ಪನ ಆಟ ಏನಾಯಿತು ಎಂದು ಕೇಳುತ್ತಾಳೆ.

"ಪ್ರಜ್ಞಾ," ಎಂದು ದೇವರ ಕೋಣೆಯಿಂದ ಅಪ್ಪ ಕರೆದರು. "ಬಾ ಇಲ್ಲಿ. ಕೈಕಾಲು ತೊಳೆದು ಬಾ."

ತಿಮ್ಮಪ್ಪಯ್ಯನವರು ಮಣೆ ಹಾಕಿ, ಪಂಚಪಾತ್ರೆಯಲ್ಲಿ ನೀರು ತುಂಬಿಸಿ ಕೂತಿದ್ದರು. "ದೂರದ ಪ್ರಯಾಣ ಅಲ್ವಾ? ಸಂಕಲ್ಪ ಮಾಡಿ ದೇವರ ಮುಂದೆ ಒಂದು ಕಾಯಿ ಇಡುವ. ಗುರುವಾರಕ್ಕೆ ನನಗೆ ನೆನಪಿರ್ತದೋ ಇಲ್ವೋ. ಈಗ ನೆನಪುಂಟು."

"ನಾಳೆ ಮಾಡುವ ಅಪ್ಪ."

"ಕೂತ್ಕೋ ಮಾರಾಯ. ಎರಡು ನಿಮಿಷ."

ಅವನು ಚಕ್ಕಳಮಕ್ಕಳ ಹಾಕಿ ಕೂತ. ಪ್ಯಾಂಟಿನ ಜೇಬಿನಲ್ಲಿ ಮಡಿಸಿದ ಬಾವುಟದ ಅಂಚು ತೊಡೆಗೆ ಒತ್ತಿತು. ಅಪ್ಪ ಅವನ ಬಲಗೈಯನ್ನು ಎಡಗೈಯ ಮೇಲೆ ಇರಿಸಿ, ಅಂಗೈಗೆ ಎರಡು ಕಾಳು ಅಕ್ಷತೆ ಹಾಕಿದರು. ಬೆಳಿಗ್ಗೆ ಇದೇ ಅಂಗೈಯಲ್ಲಿ ವಾದಿಮ್ ಬಾವುಟ ಇಟ್ಟಿದ್ದ.

ಮಂತ್ರ ಶುರುವಾಯಿತು. ಅಪ್ಪನ ಸ್ವರ ಗಟ್ಟಿಯಾಗಿತ್ತು, ಒಂದು ಕಡೆಯೂ ತಡವರಿಸಲಿಲ್ಲ. ಸಂವತ್ಸರ ಬಂತು, ಮಾಸ ಬಂತು, ತಿಥಿ ಬಂತು. ಆಮೇಲೆ ನಿಂತಿತು.

ಅಪ್ಪ ಕಣ್ಣೆತ್ತಿ ಮಗನ ಮುಖ ನೋಡಿದರು. ಎಲ್ಲೋ ನೋಡಿದ ಮುಖ ಎನ್ನುವ ಹಾಗೆ, ಬಹಳ ಸೌಜನ್ಯದಿಂದ, ದೇವಸ್ಥಾನಕ್ಕೆ ದೂರದಿಂದ ಬಂದ ಭಕ್ತನನ್ನು ನೋಡುವ ಹಾಗೆ. ಪ್ರಜ್ಞೇಶ್ ಕಾದ. ಬಾಗಿಲಲ್ಲಿ ನಿಂತಿದ್ದ ಅನುಪಮಾ ಏನೋ ಹೇಳಲು ಹೋಗಿ ಸೆರಗು ಬಾಯಿಗಿಟ್ಟುಕೊಂಡಳು.

"ಇರ್ಲಿ, ಅದಕ್ಕೆಂತ ಯೋಚನೆ," ಎಂದರು ತಿಮ್ಮಪ್ಪಯ್ಯನವರು, ಅವನಿಗೆ ಧೈರ್ಯ ಹೇಳುವಂತೆ. ಉದ್ಧರಣೆಯಲ್ಲಿ ನೀರೆತ್ತಿಕೊಂಡರು. "ಕಾಶ್ಯಪ ಗೋತ್ರೋದ್ಭವಸ್ಯ…"

ನಮ್ಮದು ಭಾರದ್ವಾಜ ಎಂದು ಹೇಳಲು ಬೇಕಾದಷ್ಟು ಹೊತ್ತಿತ್ತು.

ಪ್ರಜ್ಞೇಶ್ ಹೇಳಲಿಲ್ಲ. ಅಪ್ಪ ನೀರು ಬಿಟ್ಟರು. ತಣ್ಣಗಿನ ನೀರು ಅಕ್ಷತೆಯನ್ನು ಕೊಚ್ಚಿಕೊಂಡು ಬೆರಳ ಸಂದಿಯಿಂದ ತಟ್ಟೆಗೆ ಸುರಿಯತೊಡಗಿತು.